ಅಟ್ಟದ ಕಂಪ್ಯೂಟರಿಗೆ ನೆಟ್‌ಸ್ಕೇಪ್ ಹಾಕುವುದು

ಮಲೆನಾಡಿನ ಹಳೇ ಮನೆಗಳ ಅಟ್ಟದಲ್ಲಿ ಏನುಂಟು ಏನಿಲ್ಲ. ಕಾಲು ಮುರಿದ ತೊಟ್ಟಿಲು, ತೂತು ಬಿದ್ದ ಹಂಡೆ, ಗೊರಲೆ ಹಿಡಿದ ಪುಸ್ತಕದ ಗಂಟು. ಈಗ ಅವುಗಳ ಜೊತೆಗೆ ಒಂದು ಕಂಪ್ಯೂಟರೂ ಇರುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಒಂದಿತ್ತು. ವಿಂಡೋಸ್ 98, 64 ಎಂಬಿ ರ‍್ಯಾಮ್, ಹೊಟ್ಟೆ ಮುಂದೆ ಬಂದ ದೊಡ್ಡ ಮಾನಿಟರ್. ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಅದನ್ನು ಕೆಳಗಿಳಿಸಿದ. "ಮಾವ, ಇದರಲ್ಲಿ ಇಂಟರ್ನೆಟ್ ಬರುತ್ತಾ?" ಅಂದ.

ಬರುತ್ತದೆ. ಆದರೆ ಅವನು ಅಂದುಕೊಂಡ ಇಂಟರ್ನೆಟ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ನೆಟ್‌ಸ್ಕೇಪ್‌ನಂಥ ಹಳೇ ಬ್ರೌಸರಿನಲ್ಲಿ (ವೆಬ್ ಪುಟ ತೋರಿಸುವ ತಂತ್ರಾಂಶದಲ್ಲಿ) ಬ್ಯಾಂಕ್ ನೋಡಲಿಕ್ಕಾಗುವುದಿಲ್ಲ, ವಿಡಿಯೊ ಓಡುವುದಿಲ್ಲ, ಅಡಿಕೆ ರೇಟಿನ ಪುಟವೂ ತೆರೆಯುವುದು ಅನುಮಾನ. ಅದಕ್ಕೆ ಚೆನ್ನಾಗಿ ಬರುವುದು ಒಂದೇ ಕೆಲಸ: ಅದರ ಅಳತೆಗೆ ಬರೆದ ಪುಟವನ್ನು ತೋರಿಸುವುದು. ಅಂಥ ಪುಟವನ್ನು ನಾವೇ ಬರೆದರಾಯಿತು, ಅಲ್ವಾ? ನಾವು ಅಪ್ಪಯ್ಯನ ಮಳೆ ಲೆಕ್ಕದ ಪುಸ್ತಕವನ್ನು ಪುಟ ಮಾಡಿದೆವು. ಅಲ್ಲಿಗೆ ಹೋಗುವ ದಾರಿ ಇದು.

ಮೊದಲು ಡಬ್ಬ ಬಿಚ್ಚಿ

ಅಟ್ಟದಿಂದ ಇಳಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ನಮ್ಮ ಕಡೆಯ ಥಂಡಿ ಕಂಪ್ಯೂಟರಿನ ಒಳಗೂ ಕೂತಿರುತ್ತದೆ. ಸಿಪಿಯು ಡಬ್ಬದ ಪಕ್ಕದ ತಗಡು ತೆಗೆದು ಎರಡು ದಿನ ಒಣ ಜಾಗದಲ್ಲಿಡಿ. ಅಡಿಕೆ ಹರಗಿದ ಅಂಗಳದಲ್ಲಿ ಬಿಸಿಲಿಗಿಡುವ ಆಸೆ ಬೇಡ. ಪ್ಲಾಸ್ಟಿಕ್ ಹಳದಿಯಾಗುತ್ತದೆ, ಪೆಡಸಾಗಿ ಮುರಿಯುತ್ತದೆ. ಜಗಲಿಯ ನೆರಳು ಸಾಕು.

ಒಣಗಿದ ಮೇಲೆ ಬ್ರಷ್ ಹಿಡಿದು ಧೂಳು ತೆಗೆಯಿರಿ. ನಮ್ಮ ಫ್ಯಾನಿನ ರೆಕ್ಕೆಗಳ ನಡುವೆ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದು ಹಾಗೇ ಇದ್ದು ಸ್ವಿಚ್ ಹಾಕಿದ್ದರೆ ಫ್ಯಾನ್ ತಿರುಗದೆ ಪ್ರೊಸೆಸರ್ ಸುಡುತ್ತಿತ್ತು. ಮದರ್‌ಬೋರ್ಡ್ ಮೇಲೆ ನಿಂತಿರುವ ಸಣ್ಣ ಸಿಲಿಂಡರಿನಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ರಿಪೇರಿಯವರಿಗೆ ತೋರಿಸಿ. ಗುಂಡಗೆ ನಾಣ್ಯದಂತಿರುವ ಬ್ಯಾಟರಿ ಬದಲಿಸಿ. ಸಾಮಾನ್ಯವಾಗಿ ಅದು ಸಿಆರ್ 2032. ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಹಿಂಬದಿಯಲ್ಲಿ ಪವರ್ ಸಪ್ಲೈ ಹತ್ತಿರ ಸಣ್ಣ ಕೆಂಪು ಸ್ವಿಚ್ ಇದ್ದರೆ ಅದು 230 ಕಡೆಗಿರಲಿ, 115 ಕಡೆಗಲ್ಲ.

ಮಾನಿಟರನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದು ಎಷ್ಟೋ ಹೊತ್ತಾದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಸ್ವಿಚ್ ಹಾಕಿದಾಗ ಸ್ಕ್ರೀನ್ ಕಪ್ಪಗಿದ್ದು ಬರೀ ಬೀಪ್ ಬೀಪ್ ಅಂದರೆ ಗಾಬರಿ ಬೇಡ. ಕರೆಂಟ್ ತೆಗೆದು, ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ನಮ್ಮದು ಮೂರನೇ ಸಲಕ್ಕೆ ಎದ್ದಿತು. ಎದ್ದ ಕೂಡಲೇ ತಾರೀಕು ಸರಿಮಾಡಿ.

ಕಂಪ್ಯೂಟರೇ ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ. ಓಲ್ಡ್‌ವೆಬ್ ಡಾಟ್ ಟುಡೇ ಎಂಬ ತಾಣದಲ್ಲಿ ಹಳೇ ಬ್ರೌಸರನ್ನು ಈಗಿನ ಬ್ರೌಸರಿನೊಳಗೇ ಓಡಿಸಬಹುದು. ಬ್ರೌಸರ್ ಆರಿಸಿ, ತಾರೀಕು ಕೊಡಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದ ಅಂದಿನ ಪುಟ ಬರುತ್ತದೆ. ಸ್ವಂತ ಪುಟ ಬರೆದು ನೋಡಬೇಕೆಂದರೆ ಲ್ಯಾಪ್‌ಟಾಪಿನಲ್ಲಿ 86ಬಾಕ್ಸ್‌ನಂಥ ಎಮ್ಯುಲೇಟರ್ (ಹಳೇ ಕಂಪ್ಯೂಟರಿನಂತೆ ನಟಿಸುವ ತಂತ್ರಾಂಶ) ಹಾಕಿ, ನಿಮ್ಮ ಹಳೇ ವಿಂಡೋಸ್ ಸಿಡಿಯನ್ನು ಅದಕ್ಕೆ ಕೊಡಿ. ಮುಂದಿನ ಹೆಜ್ಜೆಗಳು ಹೆಚ್ಚುಕಮ್ಮಿ ಅವೇ.

ಯಾವ ಬ್ರೌಸರ್?

ಹಳೆಯದೆಂದರೆ ಎಷ್ಟು ಹಳೆಯದು ಎಂಬ ಪ್ರಶ್ನೆ ಬರುತ್ತದೆ. ಮೊಟ್ಟಮೊದಲ ಬ್ರೌಸರನ್ನು ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಬರೆದರು. ಅದು ನೆಕ್ಸ್ಟ್ ಎಂಬ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು, ನಮ್ಮ ಅಟ್ಟದಲ್ಲಿ ಅದು ಸಿಗುವ ಮಾತಿಲ್ಲ. ಆದರೆ ಅದನ್ನು ಹೋಲುವ ಒಂದನ್ನು 2019ರಲ್ಲಿ ಸರ್ನ್‌ನಲ್ಲಿ ಹೊಸದಾಗಿ ಕಟ್ಟಿ ಜಾಲದಲ್ಲಿ ಇಟ್ಟಿದ್ದಾರೆ. ಒಮ್ಮೆ ನೋಡಿ. ಕೊಂಡಿಯ ಮೇಲೆ ಎರಡು ಸಲ ಕ್ಲಿಕ್ ಮಾಡಬೇಕು, ಒಂದು ಸಲಕ್ಕೆ ಅದು ಅಲ್ಲಾಡುವುದಿಲ್ಲ. ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ಆ ಬ್ರೌಸರಿನಲ್ಲಿ ಪುಟ ಓದುವುದಷ್ಟೇ ಅಲ್ಲ, ಬರೆಯಲೂ ಬರುತ್ತಿತ್ತು. ಬರವಣಿಗೆ ಬಿಟ್ಟು ಬರೀ ನೋಡುವುದು ಉಳಿದದ್ದು ಆಮೇಲಿನ ಕಥೆ.

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಿಂದ ಮೊಸಾಯಿಕ್ ಬಂತು. ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಬರೆದದ್ದು. ಅಕ್ಷರಗಳ ನಡುವೆಯೇ ಚಿತ್ರ ತೋರಿಸಿ ಹೆಸರು ಮಾಡಿತು. ಆಂಡ್ರೀಸನ್ ಮುಂದೆ ಇನ್ನೊಬ್ಬರ ಜೊತೆ ಸೇರಿ ನೆಟ್‌ಸ್ಕೇಪ್ ಕಂಪನಿ ಕಟ್ಟಿದರು, ಅದರ ಬ್ರೌಸರ್ ನ್ಯಾವಿಗೇಟರ್ 1.0 ಬಂದದ್ದು 1994ರ ಡಿಸೆಂಬರಿನಲ್ಲಿ. ನಮ್ಮ ದೇಶದಲ್ಲಿ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಆಗ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಶೆಲ್ ಅಕೌಂಟಿನಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ.

ನನ್ನ ಆಯ್ಕೆ 1996ರ ನೆಟ್‌ಸ್ಕೇಪ್ ನ್ಯಾವಿಗೇಟರ್ 3. ಮೊಸಾಯಿಕ್ ಹಾಕಿ ನೋಡಿದೆ. ಚಂದ ಇದೆ, ಆದರೆ ಪುಟ ಕಳಿಸಿಕೊಡುವ ಈಗಿನ ಬಹುತೇಕ ಸರ್ವರುಗಳಿಗೆ ಅದರ ಮಾತು ತಿಳಿಯುವುದಿಲ್ಲ. ಒಂದೇ ಸರ್ವರಿನಲ್ಲಿ ಹತ್ತಾರು ತಾಣ ಇರುವಾಗ ಯಾವ ತಾಣ ಬೇಕೆಂದು ಹೆಸರು ಹಿಡಿದು ಕೇಳಬೇಕು. ತೀರಾ ಹಳೇ ಬ್ರೌಸರ್‌ಗಳು ಹೆಸರು ಹೇಳದೆ ಬಾಗಿಲು ತಟ್ಟುತ್ತವೆ. ನೆಟ್‌ಸ್ಕೇಪ್ 4 ಹಾಕಬಹುದು, ಆದರೆ ಅದರೊಳಗೆ ನಮಗೆ ಬೇಡದ ಇಡೀ ಸಂತೆಯೇ ತುಂಬಿದೆ. 3 ಹಗುರ. ಕನ್ನಡಕ್ಕೂ ಅದರಲ್ಲಿ ಒಂದು ಉಪಾಯ ಉಂಟು, ಆಮೇಲೆ ಹೇಳುತ್ತೇನೆ.

ತಂತಿ ಎಳೆಯುವುದು

ಡಯಲ್-ಅಪ್ ಮೋಡೆಮ್ಮಿನ ಕಿರಿಚಾಟ ಕೇಳಬೇಕೆಂದು ಕೆಲವರಿಗೆ ಆಸೆ. ನನಗಿಲ್ಲ. ಆ ಕಾಲದಲ್ಲಿ ನಮ್ಮೂರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಫೋನೇ ಸತ್ತಿರುತ್ತಿತ್ತು. ಈಗ ಹಳ್ಳಿಗಳಿಗೂ ಫೈಬರ್ ಬಂದಿದೆ, ಮನೆಯಲ್ಲಿ ರೌಟರ್ ಇದೆ. ಅದರ ಹಿಂದಿನ ಲ್ಯಾನ್ ಕಿಂಡಿಯಿಂದ ಹಳೇ ಕಂಪ್ಯೂಟರಿನ ಲ್ಯಾನ್ ಕಾರ್ಡಿಗೆ ಒಂದು ಕೇಬಲ್ ಸಾಕು.

ಲ್ಯಾನ್ ಕಾರ್ಡ್ ಇಲ್ಲವಾದರೆ ಶಿವಮೊಗ್ಗದ ಯಾವುದಾದರೂ ರಿಪೇರಿ ಅಂಗಡಿಯ ಗುಜರಿ ಡಬ್ಬದಲ್ಲಿ ಹುಡುಕಿ. ರಿಯಲ್‌ಟೆಕ್ 8139 ಎಂಬ ಚಿಪ್ ಇರುವ ಪಿಸಿಐ ಕಾರ್ಡ್ ಆ ಕಾಲದಲ್ಲಿ ಬೇಕಾದಷ್ಟು ಬಳಕೆಯಲ್ಲಿತ್ತು. ಅದರ ವಿಂಡೋಸ್ 98 ಡ್ರೈವರನ್ನೂ ಸಿಡಿಗೆ ಹಾಕಿಕೊಂಡು ಬನ್ನಿ. ಪೆನ್‌ಡ್ರೈವ್ ಚುಚ್ಚಿದರೆ ವಿಂಡೋಸ್ 98 ಸುಮ್ನೆ ಮುಖ ನೋಡುತ್ತದೆ, ಅದಕ್ಕೇ ಬೇರೆ ಡ್ರೈವರ್ ಬೇಕು. ನಾನು ಇದು ಮರೆತು ಎರಡು ಸಲ ಬಸ್ಸು ಹತ್ತಿದೆ.

ಡ್ರೈವರ್ ಕೂತ ಮೇಲೆ ಸ್ಟಾರ್ಟ್ ಮೆನುವಿನ ರನ್‌ನಲ್ಲಿ ವಿನ್‌ಐಪಿಸಿಎಫ್‌ಜಿ ಎಂದು ಟೈಪ್ ಮಾಡಿ (ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ). ಲ್ಯಾನ್ ಕಾರ್ಡಿನ ಹೆಸರು ಆರಿಸಿದರೆ ವಿಳಾಸ ಕಾಣುತ್ತದೆ. 192.168 ಎಂದು ಶುರುವಾದರೆ ರೌಟರ್ ಜೊತೆ ಮಾತುಕತೆ ಆಗಿದೆ. 169.254 ಎಂದಿದ್ದರೆ ಆಗಿಲ್ಲ, ಕೇಬಲ್ ನೋಡಿ. ಇಲಿ ಕಡಿದಿರಬಹುದು. ಇದು ತಮಾಷೆಗೆ ಹೇಳಿದ್ದಲ್ಲ.

ಹಾಗೇ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಫೈಲ್ ಮತ್ತು ಪ್ರಿಂಟರ್ ಹಂಚಿಕೆ ಇದ್ದರೆ ತೆಗೆದುಬಿಡಿ. ಈ ಕಂಪ್ಯೂಟರಿಗೆ ಭದ್ರತೆ ಅಂತ ಏನೂ ಇಲ್ಲ. ಯಾವ ಪಾಸ್‌ವರ್ಡನ್ನೂ ಇದರಲ್ಲಿ ಟೈಪ್ ಮಾಡಬಾರದು. ಹುಡುಗರಿಗೂ ಹೇಳಿಡಿ.

ಫೈಲು ತಂದು ಹಾಕುವುದು

ಇವೋಲ್ಟ್‌ನಂಥ ಹಳೇ ಬ್ರೌಸರ್‌ಗಳ ಸಂಗ್ರಹದಿಂದ ನೆಟ್‌ಸ್ಕೇಪ್ 3ರ ಫೈಲನ್ನು ನಿಮ್ಮ ಈಗಿನ ಲ್ಯಾಪ್‌ಟಾಪಿಗೆ ಇಳಿಸಿ, ಒಮ್ಮೆ ವೈರಸ್ ಪರೀಕ್ಷೆ ಮಾಡಿ. ಹೆಸರಿನಲ್ಲಿರುವ ಅಂಕಿ ನೋಡಿಕೊಳ್ಳಿ. 32 ಎಂದಿರುವುದು ವಿಂಡೋಸ್ 95 ಮತ್ತು 98ಕ್ಕೆ, 16 ಎಂದಿರುವುದು ವಿಂಡೋಸ್ 3.1ಕ್ಕೆ.

ಲ್ಯಾಪ್‌ಟಾಪಿನಿಂದ ಅಟ್ಟದ ಕಂಪ್ಯೂಟರಿಗೆ ಹೇಗೆ? ಒಂದು ಫ್ಲಾಪಿಯಲ್ಲಿ ಹಿಡಿಸುವುದಿಲ್ಲ. ಫ್ಲಾಪಿಯ ಹೊಟ್ಟೆಯೇ 1.44 ಎಂಬಿ. ಸಿಡಿ ಬರೆಯಬಹುದು, ಆದರೆ ಮನೆಯಲ್ಲಿರುವ ಸಿಡಿಗೆಲ್ಲ ಬೂಷ್ಟು ಬಂದಿರುತ್ತದೆ. ಸುಲಭದ ದಾರಿ ಇದು. ಲ್ಯಾಪ್‌ಟಾಪಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಅದರ ಜೊತೆಗೇ ಪುಟಾಣಿ ವೆಬ್ ಸರ್ವರ್ ಬರುತ್ತದೆ. ಫೈಲು ಇಟ್ಟ ಫೋಲ್ಡರಿನಲ್ಲಿ ಅದನ್ನು ಶುರುಮಾಡಿ. ಅದು 8000ನೇ ಪೋರ್ಟಿನಲ್ಲಿ ಕಾಯುತ್ತದೆ. ಫೈರ್‌ವಾಲ್ ಕೇಳಿದರೆ ಮನೆಯ ನೆಟ್‌ವರ್ಕಿಗೆ ಮಾತ್ರ ಒಪ್ಪಿಗೆ ಕೊಡಿ. ವಿಂಡೋಸ್ 98ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೊದಲೇ ಇರುತ್ತದಲ್ಲ, ಅದರಲ್ಲಿ ಲ್ಯಾಪ್‌ಟಾಪಿನ ವಿಳಾಸ ಹಾಕಿ, ಕೋಲನ್ ಹಾಕಿ, 8000 ಎಂದು ಬರೆಯಿರಿ. ಫೈಲುಗಳ ಪಟ್ಟಿ ಬರುತ್ತದೆ. ಕ್ಲಿಕ್ ಮಾಡಿ ಇಳಿಸಿಕೊಳ್ಳಿ. ಎಕ್ಸ್‌ಪ್ಲೋರರ್ ಕೈಯಲ್ಲೇ ಅದರ ಎದುರಾಳಿಯನ್ನು ಮನೆಗೆ ಕರೆಸಿದಂತಾಯಿತು!

ಇನ್‌ಸ್ಟಾಲ್ ಮಾಡುವುದರಲ್ಲಿ ವಿಶೇಷ ಇಲ್ಲ. ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮುಂದೆ ಮುಂದೆ ಒತ್ತುತ್ತಾ ಹೋಗಿ. ಕೂಲ್‌ಟಾಕ್ ಎಂಬುದನ್ನು ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ. ಕೊನೆಗೆ ನೆಟ್‌ಸ್ಕೇಪ್ ತಾಣಕ್ಕೆ ಹೋಗಲೇ ಎಂದು ಕೇಳಿದರೂ ಬೇಡ. ಅಲ್ಲಿ ಈಗ ಯಾರೂ ಇಲ್ಲ.

ಮೊದಲ ಸಲ ತೆರೆದಾಗ

ತೆರೆದ ಕೂಡಲೇ ಅದು ಹಳೇ ಮುಖಪುಟ ಹುಡುಕಿಕೊಂಡು ಹೊರಡುತ್ತದೆ. ಬಲಗಡೆ ಮೂಲೆಯಲ್ಲಿ ದೊಡ್ಡ ಎನ್ ಅಕ್ಷರದ ಹಿಂದೆ ಉಲ್ಕೆಗಳು ಬೀಳುತ್ತಲೇ ಇರುತ್ತವೆ. ಕಾಯಬೇಡಿ, ಸ್ಟಾಪ್ ಒತ್ತಿ. ಆಪ್ಷನ್ಸ್ ಮೆನುವಿನಲ್ಲಿ ಜನರಲ್ ಪ್ರಿಫರೆನ್ಸಸ್‌ಗೆ ಹೋಗಿ, ಶುರುವಾದಾಗ ಖಾಲಿ ಪುಟ ಬರುವಂತೆ ಬದಲಿಸಿ.

ಈಗ ವಿಳಾಸದ ಜಾಗದಲ್ಲಿ ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್ ಎಂದು ಹಾಕಿ. ಮುಂದೆ ಎಚ್‌ಟಿಟಿಪಿ ಸಾಕು, ಎಸ್ ಬೇಡ. ಪ್ರಪಂಚದ ಮೊದಲ ವೆಬ್ ತಾಣದ ವಿಳಾಸ ಇದು. ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು, ಕೆಲವು ನೀಲಿ ಕೊಂಡಿ, ಅಷ್ಟೇ. ನಮ್ಮ ಹುಡುಗ "ಇಷ್ಟೇನಾ?" ಅಂದ. ಹೌದು, ಇಷ್ಟೇ.

ಅವನಿಗೆ ನಾನು ತೋರಿಸಿದ್ದು ಪುಟವನ್ನಲ್ಲ, ಕಿಟಕಿಯ ತಳದ ಪಟ್ಟಿಯನ್ನು. ನೆಟ್‌ಸ್ಕೇಪ್ ತಾನು ಮಾಡುವುದನ್ನೆಲ್ಲ ಅಲ್ಲಿ ಹೇಳುತ್ತದೆ. ವಿಳಾಸ ಹುಡುಕುತ್ತಿದ್ದೇನೆ, ಸಿಕ್ಕಿತು, ಉತ್ತರಕ್ಕೆ ಕಾಯುತ್ತಿದ್ದೇನೆ, ಇಷ್ಟು ಕೆಬಿಯಲ್ಲಿ ಇಷ್ಟು ಪರ್ಸೆಂಟ್ ಬಂತು. ಎಲ್ಲಿ ತಡೆಯಿತು ಎಂಬುದು ಆ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಹುಡುಕುವಲ್ಲೇ ನಿಂತರೆ ನಿಮ್ಮ ನೆಟ್‌ವರ್ಕಿನ ಡಿಎನ್‌ಎಸ್ (ತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ಸೆಟ್ಟಿಂಗ್ ನೋಡಿ. ಉತ್ತರಕ್ಕೆ ಕಾಯುತ್ತಾ ನಿಂತರೆ ತೊಂದರೆ ಬಹುಶಃ ಆಚೆ ಕಡೆಯದು. ಎಡ ಮೂಲೆಯಲ್ಲಿ ಮುರಿದ ಕೀಲಿಕೈ ಚಿತ್ರ ಇರುತ್ತದೆ. ಈ ಮಾತುಕತೆ ಯಾರು ಬೇಕಾದರೂ ಕದ್ದು ಕೇಳಬಹುದು ಎಂದು ಅದರ ಅರ್ಥ.

ಆಪ್ಷನ್ಸ್‌ನಲ್ಲೇ ಆಟೊ ಲೋಡ್ ಇಮೇಜಸ್ ಎಂಬ ಸಾಲಿದೆ. ಗುರುತು ತೆಗೆದರೆ ಚಿತ್ರ ಬರುವುದಿಲ್ಲ, ಅದರ ಜಾಗದಲ್ಲಿ ಸಣ್ಣ ಗುರುತು ಕೂರುತ್ತದೆ. ಬೇಕಾದ್ದರ ಮೇಲೆ ಒತ್ತಿ ತರಿಸಿಕೊಳ್ಳಬಹುದು. ಇದು ಏಕೆಂದು ಲೆಕ್ಕ ಹಾಕಿ. 28.8 ಕೆಬಿಪಿಎಸ್ ಮೋಡೆಮ್ಮಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಮೂರೂವರೆ ಕೆಬಿ ಬರುತ್ತಿತ್ತು. 200 ಕೆಬಿಯ ಒಂದು ಫೋಟೊಗೆ ಹತ್ತಿರ ಹತ್ತಿರ ಒಂದು ನಿಮಿಷ. ಫೋನ್ ಮೀಟರ್ ಓಡುತ್ತಿರುವಾಗ ಯಾರಿಗೆ ಬೇಕು?

ಈಗಿನ ತಾಣ ನೋಡಲೇಬೇಕೆಂದರೆ

ಈಗಿನ ತಾಣಗಳಲ್ಲಿ ಬಹುಪಾಲು ಎಚ್‌ಟಿಟಿಪಿಎಸ್ ಎಂಬ ಬೀಗ ಹಾಕಿದ ಮಾತುಕತೆ ಇಲ್ಲದೆ ಬಾಗಿಲು ತೆಗೆಯುವುದಿಲ್ಲ. ವಿಚಿತ್ರ ಎಂದರೆ ಬ್ರೌಸರಿನ ಈ ಬೀಗದ ಪದ್ಧತಿ ಶುರುವಾದದ್ದೇ ನೆಟ್‌ಸ್ಕೇಪ್‌ನಲ್ಲಿ, ಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ. ಆದರೆ ಬೀಗ ಬದಲಾಗುತ್ತಾ ಬದಲಾಗುತ್ತಾ ಟಿಎಲ್‌ಎಸ್ 1.2, 1.3ಕ್ಕೆ ಬಂದಿದೆ. ಬೀಗ ಮಾಡಿದವನ ಕೈಯಲ್ಲೇ ಈಗ ಕೀಲಿ ಇಲ್ಲ.

ಹಳೇ ಕಂಪ್ಯೂಟರ್‌ಗಳಿಗೆಂದೇ ಮಾಡಿದ ಫ್ರಾಗ್‌ಫೈಂಡ್ ಎಂಬ ಹುಡುಕುತಾಣ ಇದೆ. ಇಂದಿನ ಪುಟಗಳನ್ನು ಸೋಸಿ ಬರೀ ಅಕ್ಷರ ಕೊಡುತ್ತದೆ. ಇಂಗ್ಲಿಷ್ ಪುಟಗಳಿಗೆ ಸಾಕು. ಇನ್ನೂ ಜಾಸ್ತಿ ಬೇಕೆಂದರೆ ಲ್ಯಾಪ್‌ಟಾಪಿನಲ್ಲಿ ವೆಬ್‌ಒನ್ ಎಂಬ ಪ್ರಾಕ್ಸಿ ಹಾಕಿ. ಅದು ಹೊರಗಿನವರ ಜೊತೆ ಹೊಸ ಭಾಷೆಯಲ್ಲಿ, ಅಟ್ಟದ ಕಂಪ್ಯೂಟರ್ ಜೊತೆ ಹಳೇ ಭಾಷೆಯಲ್ಲಿ ಮಾತಾಡುವ ದುಬಾಷಿ. ನೆಟ್‌ಸ್ಕೇಪ್‌ನ ಆಪ್ಷನ್ಸ್, ನೆಟ್‌ವರ್ಕ್ ಪ್ರಿಫರೆನ್ಸಸ್, ಪ್ರಾಕ್ಸೀಸ್, ಅಲ್ಲಿ ಮ್ಯಾನುಯಲ್ ಆರಿಸಿ ಲ್ಯಾಪ್‌ಟಾಪಿನ ವಿಳಾಸವನ್ನೂ 8080 ಎಂಬ ಪೋರ್ಟನ್ನೂ ಕೊಡಿ. ಬೀಗದ ತೊಂದರೆ ತೀರುತ್ತದೆ. ಪುಟ ಮಾತ್ರ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ಕೆಲವು ಸಲ ಕಂಪ್ಯೂಟರೇ ನಿಲ್ಲುತ್ತದೆ. ನಾನು ಒಂದು ಸಂಜೆ ಇದರಲ್ಲಿ ಕಳೆದು ಕೈಬಿಟ್ಟೆ. ಎತ್ತಿನ ಗಾಡಿಗೆ ಲಾರಿ ಲೋಡು ಹೇರಿದಂತೆ ಆಗುತ್ತದೆ.

ಮಳೆ ಲೆಕ್ಕದ ಪುಟ

ಅಪ್ಪಯ್ಯ ಎಷ್ಟೋ ವರ್ಷದಿಂದ ಮಳೆ ಅಳೆದು ಬರೆದಿಟ್ಟಿದ್ದಾರೆ. ತಿಂಗಳ ಲೆಕ್ಕವಲ್ಲ, ನಕ್ಷತ್ರದ ಲೆಕ್ಕ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ. ಇಂಚಿನಲ್ಲಿ. ಇದು ಕೋಷ್ಟಕಕ್ಕೆ ಹೇಳಿ ಮಾಡಿಸಿದ್ದು, ಕೋಷ್ಟಕ ತೋರಿಸುವುದು ನೆಟ್‌ಸ್ಕೇಪಿಗೆ ಚೆನ್ನಾಗಿ ಗೊತ್ತು.

ನೋಟ್‌ಪ್ಯಾಡ್ ತೆರೆಯಿರಿ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯ ಟ್ಯಾಗುಗಳಲ್ಲಿ (ಗುರುತುಗಳಲ್ಲಿ) ನಿಮಗೆ ಬೇಕಾದ್ದು ಬೆರಳೆಣಿಕೆಯಷ್ಟು. ಶೀರ್ಷಿಕೆಗೆ ಎಚ್1, ಪ್ಯಾರಾಕ್ಕೆ ಪಿ, ಕೋಷ್ಟಕಕ್ಕೆ ಟೇಬಲ್, ಸಾಲಿಗೆ ಟಿಆರ್, ಸಾಲಿನ ಒಂದೊಂದು ಮನೆಗೆ ಟಿಡಿ. ಟೇಬಲ್ ಟ್ಯಾಗಿನಲ್ಲಿ ಬಾರ್ಡರ್ 1 ಎಂದು ಹಾಕಿದರೆ ಗೆರೆ ಬರುತ್ತದೆ. ಟೇಬಲ್ ಟ್ಯಾಗನ್ನು ಕೊನೆಗೆ ಮುಚ್ಚಲು ಮರೆತರೆ ನೆಟ್‌ಸ್ಕೇಪ್ ಇಡೀ ಕೋಷ್ಟಕವನ್ನೇ ನುಂಗಿಬಿಡುತ್ತದೆ. ಪುಟ ಖಾಲಿ ಕಂಡರೆ ಮೊದಲು ಅದನ್ನೇ ನೋಡಿ. ಫೈಲಿನ ಹೆಸರು ಎಚ್‌ಟಿಎಂ ಎಂದು ಮುಗಿಯಬೇಕು. ನೋಟ್‌ಪ್ಯಾಡ್ ಕೇಳದೇ ಟಿಎಕ್ಸ್‌ಟಿ ಎಂದು ಬಾಲ ಅಂಟಿಸುತ್ತದೆ. ಉಳಿಸುವಾಗ ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಬರೆದರೆ ಅಂಟಿಸುವುದಿಲ್ಲ. ನೆಟ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಮತ್ತು ಓ ಒತ್ತಿ ಆ ಫೈಲನ್ನು ತೆರೆಯಿರಿ. ಇದಕ್ಕೆ ಇಂಟರ್ನೆಟ್ಟೇ ಬೇಡ. ತಿದ್ದಿದಾಗಲೆಲ್ಲ ರೀಲೋಡ್ ಒತ್ತಿ. ಚಿತ್ರ ಹಾಕುವುದಾದರೆ ಜಿಫ್ ಅಥವಾ ಜೆಪೆಗ್ ಮಾತ್ರ. ಪಿಎನ್‌ಜಿ ಇದಕ್ಕೆ ತಿಳಿಯದು. ಫೋನಿನ ಫೋಟೊವನ್ನು ಹಾಗೇ ತುರುಕಬೇಡಿ, 400 ಪಿಕ್ಸೆಲ್ ಅಗಲಕ್ಕೆ ಇಳಿಸಿ.

ಇನ್ನು ಕನ್ನಡ. ಎಲ್ಲ ಭಾಷೆಯ ಅಕ್ಷರಗಳಿಗೂ ಅಂಕಿ ಕೊಡುವ ಯೂನಿಕೋಡಿನಲ್ಲಿ ಕನ್ನಡ ಮೊದಲಿಂದಲೇ ಇದೆ, 1991ರ ಮೊದಲ ಆವೃತ್ತಿಯಲ್ಲೇ. ಆದರೆ ವಿಂಡೋಸ್‌ಗೆ ಕನ್ನಡ ಅಕ್ಷರ ಜೋಡಿಸಲು ಬಂದದ್ದು ಎಕ್ಸ್‌ಪಿ ಕಾಲಕ್ಕೆ. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರು ಏನು ಗೊತ್ತಾ? ತುಂಗಾ! ನಮ್ಮ ಮನೆ ಕೆಳಗೆ ಹರಿಯುವವಳೇ. ಆದರೆ ಅಟ್ಟದ 98ಕ್ಕೆ ಅವಳಿನ್ನೂ ಬಂದಿಲ್ಲ. ಈಗಿನ ಕನ್ನಡ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಅಥವಾ ಕಸ.

ಉಪಾಯ ಅಂದೆನಲ್ಲ, ಇದು. ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಹಳೇ ಫಾಂಟನ್ನು ಆ ಕಂಪ್ಯೂಟರಿಗೆ ಹಾಕಿ. ಅದೇ ಫಾಂಟಿನಲ್ಲಿ ಬರೆದ ಅಕ್ಷರವನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಿಚಡಿಯಂತೆ ಕಾಣುತ್ತದೆ, ಇರಲಿ. ಆ ಭಾಗವನ್ನು ಫಾಂಟ್ ಟ್ಯಾಗಿನೊಳಗೆ ಇಟ್ಟು ಫೇಸ್ ಎಂಬಲ್ಲಿ ಫಾಂಟಿನ ಹೆಸರನ್ನು ತಪ್ಪಿಲ್ಲದೆ ಬರೆಯಿರಿ. ನೆಟ್‌ಸ್ಕೇಪ್ 3 ಇದನ್ನು ಒಪ್ಪುತ್ತದೆ, 2 ಒಪ್ಪುವುದಿಲ್ಲ. ನಾನು 3 ಆರಿಸಿದ್ದು ಇದಕ್ಕೇ. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವವರು ಫೈಲನ್ನು ಯುಟಿಎಫ್-8 ಬದಲು ಆನ್ಸಿ ಎಂದು ಉಳಿಸಬೇಕು, ಇಲ್ಲದಿದ್ದರೆ ಅರ್ಧಕ್ಕರ್ಧ ಅಕ್ಷರ ಕೆಡುತ್ತದೆ. ನಮಗೆ 'ಆಶ್ಲೇಷ'ದ ಒತ್ತಕ್ಷರ ಸರಿಹೋಗಲು ಇಡೀ ಮಧ್ಯಾಹ್ನ ಹಿಡಿಯಿತು. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, "ಮಖೆ ಮಳೆ ಒಂದು ಸಾಲು ತಪ್ಪಿದ್ಯಲ್ಲೋ" ಅಂದರು. ತಪ್ಪಿತ್ತು.

ಮಳೆಗಾಲ ಶುರುವಾಗುವ ಮೊದಲು

ಪುಟದ ಒಂದು ಪ್ರತಿಯನ್ನು ಲ್ಯಾಪ್‌ಟಾಪಿಗೂ ಹಾಕಿಕೊಳ್ಳಿ, ಅಟ್ಟದ ಹಾರ್ಡ್ ಡಿಸ್ಕನ್ನು ನಂಬಿ ಕೂರಬೇಡಿ. ಕಂಪ್ಯೂಟರನ್ನು ಮತ್ತೆ ಅಟ್ಟಕ್ಕೆ ಹಾಕದೆ ಒಳಗಿನ ಕೋಣೆಯಲ್ಲಿ, ಗೋಡೆಗೆ ತಾಗದಂತೆ ಇಡಿ. ಗೋಡೆ ನೀರು ಕುಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಒಳಗಿನ ಬಿಸಿಗೆ ಥಂಡಿ ಬಿಡುತ್ತದೆ. ಗುಡುಗಿದರೆ ಬರೀ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಲ್ಯಾನ್ ಕೇಬಲನ್ನೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ, ನಮ್ಮ ಹಿಂದಿನ ಕಾರ್ಡ್ ಹೋದದ್ದು ಹಾಗೇ.